ಪೀಪಾಯಿ ಬಂದ ದಾರಿ, ಈಚಲ ಮಡಕೆ ನಿಂತ ಜಾಗ

ಪೀಪಾಯಿ ಅನ್ನೋ ಪದ ನಮ್ಮದಲ್ಲ. ಪೋರ್ಚುಗೀಸರ ಪಿಪಾ ಅನ್ನೋದು ನಮ್ಮ ಬಾಯಲ್ಲಿ ಪೀಪಾಯಿ ಆಯ್ತು. ಚಾವಿ, ಅನಾನಸು ಬಂದ ಹಡಗಲ್ಲೇ ಇದೂ ಬಂತು. ವಸ್ತು ಹೊರಗಿನದಾದ್ರೆ ಹೆಸರೂ ಹೊರಗಿನದೇ. ನಮ್ಮ ಕಡೆ ನೀರಿಗೆ, ಮಜ್ಜಿಗೆಗೆ, ಹೆಂಡಕ್ಕೆ ಇದ್ದದ್ದು ಮಡಕೆ, ಸೋರೆಬುರುಡೆ, ಚರ್ಮದ ಚೀಲ. ಹಲಗೆ ಹಲಗೆ ಜೋಡಿಸಿ, ಮೊಳೆ ಇಲ್ಲದೆ, ಅಂಟು ಇಲ್ಲದೆ, ಒಂದು ತೊಟ್ಟೂ ಸೋರದ ಹಾಗೆ ಮರದ ಪಾತ್ರೆ ಕಟ್ಟೋ ಕಸುಬು ನಮ್ಮ ಆಚಾರಿಗಳಿಗೆ ಬೇಕಾಗಿರಲಿಲ್ಲ. ಕುಂಬಾರ ಇದ್ದನಲ್ಲ.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಒಂದು ವಿಡಿಯೋ ಕಳಿಸಿದ್ದ. ವಿದೇಶದಲ್ಲಿ ಯಾರೋ ಮರದ ಪೆಟ್ಟಿಗೆ ಮಾಡಿ, ಒಳಗೆ ಐಸು, ಸ್ಟೀಲ್ ಸುರುಳಿ ಕೊಳವೆ, ಮುಂದೆ ಎರಡು ನಲ್ಲಿ ಇಟ್ಟು, ಮನೇಲಿ ಕಾಯಿಸಿದ ಬೀರನ್ನ ಊರ ಹಬ್ಬದಲ್ಲಿ ಹಂಚ್ತಾರೆ. "ಅಣ್ಣ, ರಾಗಿ ನಮ್ಮದು, ಹೆಬ್ಬೇವಿನ ಮರ ನಮ್ಮದು, ನಾವ್ಯಾಕೆ ಇದನ್ನ ಮಾಡಬಾರದು?" ಅಂತ ಕೇಳ್ದ. ಒಳ್ಳೇ ಪ್ರಶ್ನೆನೇ. ಪೆಟ್ಟಿಗೆ ಮಾಡೋದು ಒಂದು ವಾರದ ಕೆಲಸ. ಆದ್ರೆ ನಮ್ಮ ಬಂಗಾರಪೇಟೆ, ಕೆಜಿಎಫ್ ಸೀಮೆಯಲ್ಲಿ ಯಾವ ಕುಡಿಯೋ ಪದಾರ್ಥ ಯಾವ ಪಾತ್ರೆಯಲ್ಲಿ ಎಷ್ಟು ದೂರ ಹೋಯ್ತು, ಅದರ ದುಡ್ಡು ಯಾರ ಕೈಗೆ ಹೋಯ್ತು ಅನ್ನೋ ಹಳೇ ಲೆಕ್ಕ ಒಂದಿದೆ. ಅದು ಗೊತ್ತಿದ್ದು ಕೈ ಹಾಕಿದ್ರೆ ಒಳ್ಳೇದು.

ಮೊದಲು ಬೀರಿನ ಕಡೆಯಿಂದ ಬರೋಣ. ಇಂಗ್ಲೆಂಡಿನಿಂದ ಹಡಗಲ್ಲಿ, ಆಫ್ರಿಕಾದ ತುದಿ ಸುತ್ತಿಕೊಂಡು, ನಾಲ್ಕೈದು ತಿಂಗಳ ದಾರಿ ಬೀರು ಬರ್ತಿತ್ತು. ಮರದ ಪೀಪಾಯಿಯಲ್ಲೇ. ಹುಳಿಯಾಗಬಾರದು ಅಂತ ಹಾಪ್ಸ್ ಅನ್ನೋ ಕಹಿ ಹೂವನ್ನ ಜಾಸ್ತಿ ಹಾಕಿ ಕಳಿಸ್ತಿದ್ರು. ಲಂಡನ್ನಿನ ಬೋ ಅನ್ನೋ ಕಡೆ ಹಾಡ್ಜ್‌ಸನ್ ಅನ್ನೋನ ಭಟ್ಟಿ ಈ ವ್ಯಾಪಾರದಲ್ಲಿ ಮೊದಲು ಹೆಸರು ಮಾಡಿದ್ದು. ಇವತ್ತಿಗೂ ಆ ಥರದ ಬೀರಿಗೆ ಇಂಡಿಯಾ ಪೇಲ್ ಏಲ್ ಅಂತಲೇ ಹೆಸರು. ಇಂಡಿಯಾದ ಹೆಸರಿದೆ, ಇಂಡಿಯಾದ ಒಂದು ಕಾಳೂ ಅದರಲ್ಲಿರಲಿಲ್ಲ!

ಪೀಪಾಯಿಗೆ ಅಳತೆಗಳಿದ್ವು. ದೊಡ್ಡದು ಹಾಗ್ಸ್‌ಹೆಡ್, 54 ಗ್ಯಾಲನ್, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 245 ಲೀಟರ್. ಮರದ ತೂಕ ಸೇರಿಸಿದ್ರೆ ಹತ್ತಿರ ಹತ್ತಿರ 300 ಕೆಜಿ. ಅದಕ್ಕಿಂತ ಚಿಕ್ಕದು 36 ಗ್ಯಾಲನ್ನಿನ ಬ್ಯಾರೆಲ್, ಆಮೇಲೆ 18, ಆಮೇಲೆ 9 ಗ್ಯಾಲನ್ನಿನ ಫರ್ಕಿನ್, ಅದು 41 ಲೀಟರ್. ಇಬ್ಬರು ಎತ್ತಿ ಗಾಡಿ ಮೇಲೆ ಇಡಬಹುದಾದ್ದು ಈ ಫರ್ಕಿನ್. ನಮ್ಮ ಹುಡುಗ ಕೇಳಿದ "ಎಲ್ಲಿಗೆ ಬೇಕಾದ್ರೂ ಒಯ್ಯೋ ಮರದ ಪಾತ್ರೆ" ಅಂದ್ರೆ ಅದರ ಮುತ್ತಜ್ಜ ಇವನೇ.

ನಮ್ಮ ಕಡೆಗೆ ದಾರಿ ತೆರೆದದ್ದು ರೈಲು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ಬಂತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ ಹುಟ್ಟಿತು, ಅದೇ ಇವತ್ತಿನ ಬಂಗಾರಪೇಟೆ. ಬಂಗಾರದ ಕಡೆ ನೋಡಿದ್ರೆ, 1802ರಲ್ಲಿ ವಾರನ್ ಅನ್ನೋ ಸರ್ವೇ ಅಧಿಕಾರಿ ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಬಂಗಾರದ ಪುಡಿ ತೆಗೆಯೋದನ್ನ ಕಂಡು ಬರೆದಿಟ್ಟ. 1870ರ ದಶಕದಲ್ಲಿ ಲವೆಲ್ ಅನ್ನೋ ಮಾಜಿ ಸೈನಿಕ ಅಗೆಯೋಕೆ ಪರವಾನಗಿ ತಗೊಂಡ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಕೆಜಿಎಫ್ ನಿಜವಾಗಿ ಗಣಿ ಊರಾಯ್ತು. 1894ಕ್ಕೆ ಬೌರಿಂಗ್‌ಪೇಟೆಯಿಂದ ಗಣಿಗೆ ಕವಲು ರೈಲು ಹೋಯ್ತು. ಅಲ್ಲಿಂದ ಮುಂದೆ ಯಂತ್ರ, ಕಲ್ಲಿದ್ದಲು, ಹಿಟ್ಟು, ಬಟ್ಟೆ, ಬೀರು, ಎಲ್ಲಾ ಬಂಗಾರಪೇಟೆ ಜಂಕ್ಷನ್ ದಾಟಿಯೇ ಹೋಗಬೇಕು.

ಅಲ್ಲಿದ್ದ ದೊರೆಗಳು ಎಲ್ಲರೂ ಕುಡುಕರಲ್ಲ, ಅದನ್ನೂ ಹೇಳಬೇಕು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಬಂದ ಗಣಿ ಕಸುಬಿನವರು ಬಹಳ ಜನ. ಅವರಲ್ಲಿ ಮೆಥಡಿಸ್ಟ್ ಪಂಗಡದವರು ಹೆಚ್ಚು, ಆ ಪಂಗಡ ಕುಡಿತ ಬೇಡ ಅಂತ ಸಾರಿದ್ದು. ಆದ್ರೂ ಬಂಗಲೆ, ಕ್ಲಬ್ಬು ಅಂದ ಮೇಲೆ ಬೀರು ಇದ್ದೇ ಇತ್ತು.

ಹಡಗಿನ ಬೀರು ದುಬಾರಿ ಆಯ್ತು ಅಂತ ಬಿಳಿಯರು ಇಲ್ಲೇ ಭಟ್ಟಿ ಹಾಕಿದ್ರು. ಉತ್ತರದಲ್ಲಿ ಕಸೌಲಿ ಬೆಟ್ಟದಲ್ಲಿ ಡಯರ್, ನಮ್ಮ ದಕ್ಷಿಣದಲ್ಲಿ 1857ರಲ್ಲಿ ಕ್ಯಾಸಲ್ ಬ್ರೂವರಿ. ಬೆಂಗಳೂರಲ್ಲೂ ಭಟ್ಟಿ ಬಂತು. 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಭಟ್ಟಿಗಳನ್ನ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠ್ಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದ್ರು. ಮಲ್ಯರ ಕಥೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಬೇಕಾದ್ದು ಶುರುವಿನ ಮಾತು: ದಂಡಿನ ಸಿಪಾಯಿಗಳಿಗೆ ಬೀರು ಹೋಗ್ತಿದ್ದದ್ದು ಬಾಟಲಿಯಲ್ಲಲ್ಲ, ದೊಡ್ಡ ಹಾಗ್ಸ್‌ಹೆಡ್ ಪೀಪಾಯಿಗಳಲ್ಲಿ, ಎತ್ತಿನ ಗಾಡಿ ಮೇಲೆ. ಗಾಡಿ ನಮ್ಮದು, ಎತ್ತು ನಮ್ಮದು, ಹೊಡೆಯೋನು ನಮ್ಮವನು.

ಈ ಪೀಪಾಯಿ ಹೇಗೆ ಕಟ್ತಿದ್ರು ಅನ್ನೋದು ಗಾಡಿ ಚಕ್ರ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ಓಕ್ ಮರವನ್ನ ಕೊಯ್ಯದೆ ಎಳೆ ಹಿಡಿದು ಸೀಳ್ತಾರೆ, ಕೊಯ್ದ್ರೆ ಎಳೆ ತುಂಡಾಗಿ ಆ ತುದಿಯಿಂದ ಸೋರುತ್ತೆ. ಸೀಳಿದ ಹಲಗೆಯನ್ನ ವರ್ಷಗಟ್ಟಲೆ ಗಾಳಿಗೆ ಒಣಗಿಸ್ತಾರೆ. ಪ್ರತಿ ಹಲಗೆ ನಡುವೆ ಅಗಲ, ಎರಡು ತುದಿಗೆ ಕಿರಿದು, ಅಂಚು ಓರೆ. ಎಲ್ಲಾ ಸುತ್ತ ನಿಲ್ಲಿಸಿ, ಒಳಗೆ ಸಣ್ಣ ಬೆಂಕಿ ಹಾಕಿ, ಮರ ಬಿಸಿಯಾಗಿ ಬಾಗೋ ಹೊತ್ತಿಗೆ ಕಬ್ಬಿಣದ ಬಳೆ ಹೊಡೀತಾ ಬಿಗೀತಾರೆ. ನಮ್ಮ ಗಾಡಿ ಚಕ್ರಕ್ಕೆ ಪಟ್ಟಾ ಹಾಕೋದು ನೆನಪಿದೆಯಲ್ಲ? ಬೆರಣಿ ಬೆಂಕೀಲಿ ಪಟ್ಟಾ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಕೂರಿಸಿ, ಚುಂಯ್ ಅಂತ ನೀರು ಹುಯ್ದು ಕುಗ್ಗಿಸೋದು. ಅಲ್ಲಿ ಕಬ್ಬಿಣ ಕುಗ್ಗಿ ಮರವನ್ನ ಹಿಡಿಯುತ್ತೆ. ಪೀಪಾಯಿಯಲ್ಲಿ ಬಳೆ ಹಿಡಿದುಕೊಂಡಿರುತ್ತೆ, ಒಳಗಿನ ದ್ರವ ಕುಡಿದು ಮರ ಉಬ್ಬಿ ಸಂದು ಮುಚ್ಚುತ್ತೆ. ಖಾಲಿ ಬಿಟ್ಟು ಬಿಸಿಲಿಗೆ ಇಟ್ರೆ ನಾಲ್ಕೇ ದಿನದಲ್ಲಿ ಹಲಗೆ ಕುಗ್ಗಿ ಬಳೆ ಸಡಿಲ. ನಮ್ಮ ಏಪ್ರಿಲ್ ಬಿಸಿಲು ಪೀಪಾಯಿಗೆ ದೊಡ್ಡ ವೈರಿ.

ಹೊಟ್ಟೆ ಯಾಕೆ ಉಬ್ಬಿಸ್ತಾರೆ? ಅಂದಕ್ಕಲ್ಲ. ನೆಲಕ್ಕೆ ತಾಗೋದು ನಡುವಿನ ಒಂದು ಗೆರೆ ಮಾತ್ರ, ಹಾಗಾಗಿ 300 ಕೆಜಿಯನ್ನ ಒಬ್ಬನೇ ಉರುಳಿಸಬಹುದು, ನಿಂತಲ್ಲೇ ತಿರುಗಿಸಬಹುದು. ಇನ್ನೊಂದು ಕೆಲಸ ಇದೆ: ಅಡ್ಡ ಮಲಗಿಸಿದಾಗ ಗಸಿ ಹೊಟ್ಟೆಯ ತಗ್ಗಿಗೆ ಇಳಿದು ಕೂರುತ್ತೆ, ನಲ್ಲಿ ಅದಕ್ಕಿಂತ ಸ್ವಲ್ಪ ಮೇಲಿರುತ್ತೆ, ಮೇಲಿನ ತಿಳಿ ಮಾತ್ರ ಲೋಟಕ್ಕೆ ಬರುತ್ತೆ.

ಬಡಿಸೋ ಕ್ರಮವೂ ಒಂದು ಕಸುಬೇ. ಪೀಪಾಯಿಯನ್ನ ಮರದ ಕುದುರೆ ಮೇಲೆ ಅಡ್ಡ ಮಲಗಿಸಿ, ಅಲ್ಲಾಡದ ಹಾಗೆ ಮೂರು ಕಡೆ ಬೆಣೆ ಕೊಟ್ಟು, ಒಂದೆರಡು ದಿನ ಮುಟ್ಟಬಾರದು. ಆಮೇಲೆ ಹೊಟ್ಟೆ ಮೇಲಿನ ಬಿರಡೆಗೆ ಮೆತ್ತನೆ ಮರದ ಒಂದು ಕಡ್ಡಿ ಹೊಡೀತಾರೆ. ಅದರ ಎಳೆಗಳ ಸಂದಿಯಿಂದ ಹೆಚ್ಚಿನ ಗ್ಯಾಸು ಉಸ್ ಅಂತ ಹೋಗುತ್ತೆ. ನೊರೆ ನಿಂತ ಮೇಲೆ ಮೆತ್ತನೆ ಕಡ್ಡಿ ತೆಗೆದು ಗಟ್ಟಿ ಕಡ್ಡಿ. ಮುಂದಿನ ಮುಚ್ಚಳದ ತೂತಿಗೆ ನಲ್ಲಿಯನ್ನ ಮರದ ಸುತ್ತಿಗೆಯಿಂದ ಒಂದೇ ಏಟಿಗೆ ಕೂರಿಸಬೇಕು. ಎರಡನೇ ಏಟಿಗೆ ಕಾದ್ರೆ ನೆಲಕ್ಕೇ ಅಭಿಷೇಕ. ತೆಗೆದಷ್ಟೂ ಮೇಲಿಂದ ಗಾಳಿ ಒಳಗೆ ಹೋಗೋದ್ರಿಂದ ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡಬೇಕು. ಬೀರು 12-13 ಡಿಗ್ರಿಯಲ್ಲಿ ಇರಬೇಕು, ನಮ್ಮ ಸೀಮೆಯ ಬೇಸಿಗೆ 38 ಮುಟ್ಟುತ್ತೆ. ಐಸು ಇಲ್ಲದ ಕಡೆ ಉಳಿದದ್ದು ಒಂದೇ ಉಪಾಯ, ಒದ್ದೆ ಗೋಣಿ. ಮಡಕೆ ನೀರು ತಣ್ಣಗಾಗೋದೂ, ಗೋಣಿ ಸುತ್ತಿದ ಪೀಪಾಯಿ ತಣ್ಣಗಾಗೋದೂ ಒಂದೇ ನೀರಿನ ಆವಿಯಿಂದ.

ಈಗ ನಮ್ಮ ಕಡೆಯ ಪಾತ್ರೆ. ಹಳೇ ಕೆರೆ ಏರಿ, ಹಳ್ಳದ ದಂಡೆ ಮೇಲೆ ಈಚಲು ಮರ ನೋಡಿ. ಕಾಂಡ ನೆಟ್ಟಗಿರಲ್ಲ, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಕಚ್ಚು. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರು ಮಗ್ಗುಲು ಕೆತ್ತಿ ಹೆಂಡ ಇಳಿಸಿದ ಗುರುತು ಅದು. ಕಚ್ಚು ಎಣಿಸಿದ್ರೆ ಆ ಮರ ಎಷ್ಟು ವರ್ಷ ದುಡೀತು ಅಂತ ಹೇಳಬಹುದು. ಈಡಿಗರು ಸಂಜೆ ಮಡಕೆ ಕಟ್ಟಿ ಬೆಳಗಿನ ಜಾವ ಇಳಿಸ್ತಿದ್ರು. ಮಡಕೆ ಒಳಗೆ ಸುಣ್ಣ ಬಳಿದಿದ್ರೆ ನೀರಾ, ಸಿಹಿ. ಬಳಿಯದಿದ್ರೆ ಮರದ ಮೇಲೇ ಹುದುಗು ಶುರು. ಸಂಜೆ ಹೊತ್ತಿಗೆ ಅದರ ಅಮಲು ಬೀರಿನಷ್ಟೇ, ನೂರಕ್ಕೆ ನಾಲ್ಕೈದು ಪಾಲು. ಮಾರನೇ ದಿನಕ್ಕೆ ಹುಳಿ.

ವ್ಯತ್ಯಾಸ ಇರೋದು ಇಲ್ಲೇ. ಬೀರಿನ ಹುದುಗು ಬಹುಪಾಲು ಭಟ್ಟಿಯಲ್ಲೇ ಮುಗಿದಿರುತ್ತೆ, ಹಾಪ್ಸ್ ಕಾಯುತ್ತೆ, ಬಾಯಿ ಮುಚ್ಚಿ ನೂರು ಮೈಲಿ ಕಳಿಸಬಹುದು. ಹೆಂಡ ದಾರಿಯಲ್ಲೂ ಕುದೀತಾನೇ ಇರುತ್ತೆ. ಬಿರಡೆ ಬಿಗಿದ್ರೆ ಮಡಕೆ ಸಿಡಿಯುತ್ತೆ, ತೆರೆದಿಟ್ರೆ ಹುಳಿಯಾಗುತ್ತೆ. ಹಾಗಾಗಿ ಹೆಂಡದ ಮಾರುಕಟ್ಟೆ ಅಂದ್ರೆ ಒಂದು ಹಗಲಿನ ಗಾಡಿ ದೂರ, ಅದಕ್ಕಿಂತ ಒಂದು ಗಾವುದವೂ ಹೆಚ್ಚಿಲ್ಲ. ಕೆಜಿಎಫ್‌ನಲ್ಲಿ ಸಾವಿರಗಟ್ಟಲೆ ಕೂಲಿ ಜನ, ತಮಿಳು ಸೀಮೆಯಿಂದ, ಚಿತ್ತೂರು ಕಡೆಯಿಂದ ಬಂದವರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ ಹೋಯ್ತು, ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತೆ. ಆ ಕಾವಲ್ಲಿ ಬೆವರಿಳಿಸಿ ಮೇಲೆ ಬಂದ ಮನುಷ್ಯನಿಗೆ ಮೊದಲು ಬೇಕಾದ್ದು ತೇವ. ಬಂಗಲೆಯ ಪೀಪಾಯಿ ಅವನದಲ್ಲ, ಅವನಿಗೆ ಇದ್ದದ್ದು ಪಡಖಾನೆ, ಸಾರಾಯಿ ಅಂಗಡಿ. ದಿನದ ಕೂಲಿಯಲ್ಲಿ ಎಷ್ಟು ಅಲ್ಲಿ ಇಳೀತು, ಎಷ್ಟು ಮನೆಗೆ ಹೋಯ್ತು ಅನ್ನೋದನ್ನ ಆ ಸಾಲುಮನೆಗಳ ಹೆಂಗಸರನ್ನ ಕೇಳಬೇಕು. ಹೆಂಡದ ಕಥೆಯನ್ನ ಬರೀ ಚಂದ ಮಾಡಿ ಹೇಳೋಕೆ ನನಗೆ ಮನಸ್ಸಿಲ್ಲ.

ಹೆಂಡದ ದುಡ್ಡಾದ್ರೂ ಮರ ಇದ್ದ ರೈತನಿಗೆ, ಹತ್ತಿದ ಈಡಿಗನಿಗೆ ಬಂತಾ? ಪೂರ್ತಿ ಇಲ್ಲ. ಮೈಸೂರು ಸರ್ಕಾರ ಈಚಲ ವನ ಅಂತಲೇ ಜಾಗ ಕಾದಿರಿಸಿತ್ತು, ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹರಾಜು ಕೂಗಿದ ಗುತ್ತಿಗೆದಾರನೇ ಧಣಿ. ನಿಮ್ಮ ಬದುವಿನ ಮೇಲೆ ನಿಂತ ಮರದಿಂದ ಒಂದು ಮಡಕೆ ಇಳಿಸೋಕೆ ನಿಮಗೇ ಅಪ್ಪಣೆ ಬೇಕು. ಗುತ್ತಿಗೆ ದೊಡ್ಡದಾದ ಹಾಗೆ ಹೆಂಡವೂ ಮಡಕೆ ಬಿಟ್ಟು ಪೀಪಾಯಿ ಏರಿ ಗಾಡಿಯಲ್ಲಿ ಹೊರಟಿತು. ಅಂದ್ರೆ ಮಡಕೆ ಕುಂಬಾರನಿಗೂ ಈಡಿಗನಿಗೂ ಸೇರಿದ್ದು, ಪೀಪಾಯಿ ಬಂಡವಾಳ ಇದ್ದವನದು. ನಾನು ಇದರಲ್ಲಿ ನೋಡೋ ಮುಖ್ಯ ವಿಷಯ ಇಷ್ಟೇ: ಪದಾರ್ಥ ಯಾರದ್ದು ಅನ್ನೋದಕ್ಕಿಂತ ಪಾತ್ರೆ ಮತ್ತು ಅಪ್ಪಣೆ ಯಾರದ್ದು ಅನ್ನೋದು ಲಾಭ ತೀರ್ಮಾನ ಮಾಡ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ರಾಜ್ಯದಲ್ಲಿ ಹೆಂಡ ನಿಂತಿತು, 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಬೀರು ಮಾತ್ರ ನಿಲ್ಲಲಿಲ್ಲ. ಹೆಂಡಕ್ಕೆ ಬೆಲೆ ಹೋದ ಮೇಲೆ ಈಚಲು ಮರ ಯಾರಿಗೂ ಬೇಡವಾಯ್ತು, ಜೆಸಿಬಿ ಬದು ಸವರಿದಾಗ ಮೊದಲು ಬಿದ್ದದ್ದು ಅದೇ.

ರಾಗಿ ಕಡೆಗೆ ಬರೋಣ, ಹುಡುಗ ಕೇಳಿದ್ದು ಅದನ್ನ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂತು. ಅಲ್ಲಿ ಉಗಾಂಡಾದ ತೇಸೋ ಜನ ಇವತ್ತಿಗೂ ಮೊಳಕೆ ರಾಗಿಯಿಂದ ಅಜೊನ್ ಅಂತ ಒಂದು ಬೀರು ಮಾಡ್ತಾರೆ. ನಡುವೆ ಮಡಕೆ, ಸುತ್ತ ಕೂತವರೆಲ್ಲಾ ಗಜ ಉದ್ದದ ಕೊಳವೆ ಹಾಕಿ ಹೀರೋದು. ನಮ್ಮ ದೇಶದಲ್ಲೇ ಸಿಕ್ಕಿಂ, ಡಾರ್ಜಿಲಿಂಗ್ ಕಡೆ ತೊಂಗ್ಬಾ ಇದೆ. ಬೇಯಿಸಿದ ರಾಗಿಗೆ ಹುದುಗು ಬಿಲ್ಲೆ ಪುಡಿ ಹಾಕಿ ಕೂಡಿಡ್ತಾರೆ. ಹದ ಬಂದ ಕಾಳನ್ನ ಮರದ ಅಥವಾ ಬಿದಿರಿನ ಕೊಳಗದಂಥ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹುಯ್ದು, ತುದಿಗೆ ಸಣ್ಣ ತೂತಿರೋ ಬಿದಿರ ಕೊಳವೆಯಲ್ಲಿ ಹೀರ್ತಾರೆ. ಮುಗಿದ ಹಾಗೆ ಮತ್ತೆ ನೀರು. ಮರದ ಪಾತ್ರೆಗೆ ಹಿತ್ತಾಳೆ ಪಟ್ಟಿ ಕೂಡ ಇರುತ್ತೆ. ನಲ್ಲಿ ಬೇಡ, ಗ್ಯಾಸು ಬೇಡ, ಐಸು ಬೇಡ, ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದ್ರೂ ಹೋಗಬಹುದು. ವಿಡಿಯೋದ ಪೆಟ್ಟಿಗೆಗಿಂತ ಜಾಣತನದ್ದು ಅಂತ ನನ್ನ ಅಭಿಪ್ರಾಯ.

ಸಿರಿಧಾನ್ಯಗಳಲ್ಲಿ ಮೊಳಕೆಗೆ ರಾಗಿಯಷ್ಟು ಒಳ್ಳೇದು ಇಲ್ಲ. ಮೊಳಕೆ ಬಂದಾಗ ಹಿಟ್ಟನ್ನ ಸಕ್ಕರೆ ಮಾಡೋ ಶಕ್ತಿ ಅದಕ್ಕೆ ಚೆನ್ನಾಗಿದೆ. ಮಗುವಿಗೆ ಮಾಲ್ಟ್ ಮಾಡಿ ಕೊಡೋದೂ ಅದಕ್ಕೇ, ತೇಸೋ ಜನ ಬೀರು ಮಾಡೋದೂ ಅದಕ್ಕೇ. ಬೆಂಗಳೂರಲ್ಲಿ ಈಗ ರಾಗಿ ಹಾಕಿದ ಬೀರು ಲೋಟಕ್ಕೆ ನೂರಾರು ರೂಪಾಯಿ. ಆದ್ರೆ ಹುಡುಗಾ, ಮನೇಲಿ ಮಾಡಿ ನಲ್ಲಿ ಇಟ್ಟು ಹಂಚಿದ್ರೆ 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮಾರಿದ್ರೂ ಅಷ್ಟೇ, ಸುಮ್ನೆ ಕೊಟ್ರೂ ಅಷ್ಟೇ. ಪರವಾನಗಿ ಇರೋ ಭಟ್ಟಿ ಎಕರೆ ರಾಗಿ ಬೆಳೆಯೋನ ಕೈಗೆ ನಿಲುಕೋದಲ್ಲ. ಕೇಸು ಬಿದ್ರೆ ಓಡಾಡೋನು ನೀನೇ.

ಅದಕ್ಕೇ ನಾನು ಪೆಟ್ಟಿಗೆ ಮಾಡ್ಸಿದ್ದು ಅಂಬಲಿಗೆ ಮತ್ತು ಮಜ್ಜಿಗೆಗೆ. ಜಾತ್ರೆ, ಸಂತೆ, ಮದುವೆ ಮನೆಗೆ ಒಯ್ಯೋಕೆ. ಹೇಳ್ತೀನಿ, ಬೇಕಾದವರು ಮಾಡ್ಕೊಳ್ಳಿ. ಹೊರಗಿನ ಪೆಟ್ಟಿಗೆ ಹೆಬ್ಬೇವಿನ ಮುಕ್ಕಾಲು ಇಂಚಿನ ಹಲಗೆ, ಹಗುರ. ಒಳಗೆ ಎರಡು ಇಂಚು ಥರ್ಮೋಕೋಲ್, ಅದರೊಳಗೆ 20 ಲೀಟರಿನ ಎರಡು ಸ್ಟೀಲ್ ಕ್ಯಾನು. ಆಚಾರಿಗೆ ಪೀಪಾಯಿ ಕಟ್ಟೋಕೆ ಹೇಳಲಿಲ್ಲ, ಮರಕ್ಕೆ ಹುಳಿ ತಾಗಿಸಿದ್ರೆ ತೊಳೆಯೋದು ಯಾರು? ಮರ ಹೊರೋಕೆ, ಸ್ಟೀಲು ಹಿಡಿಯೋಕೆ. ನಲ್ಲಿ ಹಿತ್ತಾಳೆಯದು ಬೇಡ, ಹುಳಿಗೆ ಕಿಲುಬು ಬರುತ್ತೆ, ಸ್ಟೀಲ್ ನಲ್ಲಿ ಹಾಕಿ. ಕ್ಯಾನಿನ ತಳದಿಂದ ಒಂದಿಂಚು ಮೇಲೆ ನಲ್ಲಿ ಇಟ್ಟು, ಕ್ಯಾನನ್ನ ಸ್ವಲ್ಪ ಹಿಂದಕ್ಕೆ ವಾಲಿಸಿದ್ರೆ ಮಜ್ಜಿಗೆಯ ಕೊತ್ತಂಬರಿ, ಶುಂಠಿ ಚೂರು ಹಿಂದೆ ಕೂರುತ್ತೆ, ಪೀಪಾಯಿ ಹೊಟ್ಟೆಯ ಅದೇ ಲೆಕ್ಕ. ಐಸಿನ ಸುರುಳಿ ಕೊಳವೆ ಮಜ್ಜಿಗೆ ನೀರಿಗೆ ಸರಿ, ಅಂಬಲಿ ಅದರಲ್ಲಿ ಕಟ್ಟಿಕೊಳ್ಳುತ್ತೆ, ಅದಕ್ಕೆ ನೇರ ನಲ್ಲಿಯೇ ಇರಲಿ, ಐಸು ಕ್ಯಾನಿನ ಸುತ್ತ. ಮುಚ್ಚಳದಲ್ಲಿ ಒಂದು ಸಣ್ಣ ಗಾಳಿ ತೂತು ಬಿಡಿ, ಇಲ್ಲಾಂದ್ರೆ ನಾಲ್ಕು ಲೋಟಕ್ಕೆ ಧಾರೆ ನಿಲ್ಲುತ್ತೆ. ಅಂಬಲಿ ಹಿಂದಿನ ರಾತ್ರಿಯದು, ಅದೂ ಹುದುಗೋದೇ, ಮುಚ್ಚಳ ಬಿಗಿದು ಬಿಸಿಲಲ್ಲಿ ಇಟ್ರೆ ಉಬ್ಬುತ್ತೆ. ಎರಡು ಕಡೆ ಬಿದಿರ ಗಳ ತೂರಿಸೋ ಬಳೆ ಹಾಕ್ಸಿದೀನಿ. ತುಂಬಿದ ಮೇಲೆ ಐಸು ಸೇರಿ ಎಪ್ಪತ್ತು ಕೆಜಿ ಹತ್ತಿರ ಬರುತ್ತೆ, ಪಲ್ಲಕ್ಕಿ ಹಾಗೆ ಇಬ್ಬರು ಹೊರಬಹುದು. ಬಂಗಾರಪೇಟೆ ಪಾನಿಪುರಿ ಅಂಗಡಿ ಇಟ್ಟಿರೋ ನನ್ನ ಗೆಳೆಯ ನೋಡಿ, ತನ್ನ ಬಿಳಿ ಪಾನಿಗೂ ಒಂದು ಬೇಕು ಅಂದಿದಾನೆ.

ನೀರಾ ಇಳಿಸೋಕೆ ಅಪ್ಪಣೆ ಪಡೆದು ಇದೇ ಪೆಟ್ಟಿಗೆಯಲ್ಲಿ ತಣ್ಣಗೆ ಮಾರಬಹುದಾ ಅಂತ ವಿಚಾರಿಸ್ತಿದೀನಿ. ಐಸಿನಲ್ಲಿ ಇಟ್ರೆ ಹುದುಗು ನಿಧಾನ ಆಗುತ್ತೆ, ಹಿಂದೆ ಹೆಂಡದ ಗಾಡಿಗೆ ಇಲ್ಲದಿದ್ದ ಅನುಕೂಲ ಅದೊಂದು. ಆದ್ರೆ ಮೊದಲು ಮರ ಬೇಕಲ್ಲ. ನಿಮ್ಮ ಊರಿನ ಏರಿ ಮೇಲೆ, ಬದುವಿನಲ್ಲಿ ಈಚಲು ಎಷ್ಟು ಉಳಿದಿದೆ, ಕಾಂಡದಲ್ಲಿ ಕಚ್ಚು ಇದೆಯಾ, ಮನೆಯ ಹಿರಿಯರಲ್ಲಿ ಯಾರಾದ್ರೂ ಕೆಜಿಎಫ್‌ಗೆ ಹೆಂಡದ ಗಾಡಿ ಹೊಡೆದಿದ್ರಾ, ಗೊತ್ತಿದ್ದವರು ಊರಿನ ಹೆಸರು ಸಮೇತ ತಿಳಿಸಿ. ಯಾವ ಊರಿಂದ ಯಾವ ದಾರಿಯಲ್ಲಿ ಹೋಗ್ತಿತ್ತು ಅಂತ ಒಂದು ನಕ್ಷೆ ಬರೀತಿದೀನಿ, ಈಗ ಸಿಕ್ಕಿರೋದು ನಾಲ್ಕು ಊರು ಮಾತ್ರ.